ಐದು ನಲವತ್ತರಿಂದ ಆರು ಹತ್ತು

ಹುಡುಗಿ ಮೊದಲ ದಿನ ತಂದ ಪ್ರಬಂಧದಲ್ಲಿ ಪ್ರವಾಹವಿತ್ತು, ಮೀನುಗಾರರ ಕೇರಿಯ ಮಕ್ಕಳಿದ್ದರು, ಅವರಿಗೆ ಹಂಚಿದ ಬಿಸ್ಕತ್ತಿನ ಪೊಟ್ಟಣಗಳಿದ್ದವು. ಕೊನೆಯಲ್ಲಿ, ಆ ಮಕ್ಕಳ ನಗುವಿನಲ್ಲಿ ನನ್ನನ್ನು ನಾನು ಕಂಡುಕೊಂಡೆ ಎಂಬ ವಾಕ್ಯವೂ ಇತ್ತು. ಇಲ್ಲದಿದ್ದವಳು ಅವಳೊಬ್ಬಳೇ.

“ಅಲ್ಲಿ ಎಷ್ಟು ದಿನ ಇದ್ದೆಯಮ್ಮಾ?” ಎಂದು ಕೇಳಿದೆ.

“ಹಾಫ್ ಡೇ ದಾನ್ ಆಂಟಿ. ಸ್ಕೂಲ್ ಬಸ್‌ಲ ಪೋನೋಂ.”

ಸ್ಕೂಲ್ ಬಸ್ಸಿನಲ್ಲಿ ಹೋಗಿ ಬಂದ ಅರ್ಧ ದಿನಕ್ಕೇ ಇಷ್ಟು ಕಂಡುಕೊಂಡವಳು ಒಂದು ವಾರ ಇದ್ದಿದ್ದರೆ ಸನ್ಯಾಸ ತಗೋತಿದ್ದೆ ಬಿಡು ಎಂದೆ. ನನ್ನ ನಾಲಿಗೆ ಸ್ವಲ್ಪ ಚುರುಕು; ಅದರಿಂದ ಒಳ್ಳೆಯದೂ ಆಗಿದೆ, ಕೆಟ್ಟದ್ದೂ ಆಗಿದೆ. ಹುಡುಗಿ ಅಳಲಿಲ್ಲ, ಮುಖ ಊದಿಸಿಕೊಳ್ಳಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಚಿ ಬ್ಯಾಗಿಗೆ ತುರುಕಿ, “ಅಪ್ಪೋ ಎನ್ನ ಎಳುದಣುಂ?” ಎಂದಳು. ಹಾಗಾದರೆ ಏನು ಬರೀಬೇಕು ಅಂತ. ಆ ಪ್ರಶ್ನೆ ನನಗೆ ಹಿಡಿಸಿತು.

ಚೆನ್ನೈನ ಕೀಲ್ಪಾಕ್‌ನ ನಮ್ಮ ಫ್ಲ್ಯಾಟಿನ ಊಟದ ಮೇಜಿನ ಮೇಲೆ ನಾನು ಹನ್ನೆರಡನೇ ಕ್ಲಾಸಿನ ಮಕ್ಕಳಿಗೆ ಕಾಲೇಜು ಅರ್ಜಿಯ ಪ್ರಬಂಧ ಬರೆಯಲು ಸಹಾಯ ಮಾಡುತ್ತೇನೆ. ಬರೆದುಕೊಡುವುದಿಲ್ಲ, ಬರೆಸುತ್ತೇನೆ. ಈ ಎರಡರ ನಡುವಿನ ಗೆರೆ ಎಲ್ಲಿದೆ ಎನ್ನುವುದು ನನಗೆ ಚೆನ್ನಾಗಿ ಗೊತ್ತು ಎಂದೇ ಆ ಡಿಸೆಂಬರಿನವರೆಗೆ ತಿಳಿದುಕೊಂಡಿದ್ದೆ.

ಹುಡುಗಿ ನಮ್ಮ ಬೀದಿಯ ತುದಿಯಲ್ಲಿರುವ ಸಸ್ಯಾಹಾರಿ ಹೋಟೆಲಿನ ಯಜಮಾನರ ಮಗಳು. ಅವಳ ಅಜ್ಜ ಉಡುಪಿಯ ಹತ್ತಿರದ ಹಳ್ಳಿಯಿಂದ ಬಂದು ಹಾಕಿದ ಹೋಟೆಲು. ಮನೆ ಅದರ ಮೇಲ್ಮಹಡಿಯಲ್ಲೇ. ಮನೆಯಲ್ಲಿ ಅಪ್ಪ ಅಮ್ಮ ಕನ್ನಡದಲ್ಲಿ ಮಾತಾಡಿದರೆ ಇವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ, ನಡುವೆ ಇಂಗ್ಲಿಷು. ಕನ್ನಡ ಎಲ್ಲ ಅರ್ಥವಾಗುತ್ತದೆ, ನಾಲಿಗೆಗೆ ಮಾತ್ರ ಬರುವುದಿಲ್ಲ. ಉತ್ತರ ಭಾರತದ ಒಂದು ವಿಶ್ವವಿದ್ಯಾಲಯದಲ್ಲಿ ಆಹಾರ ವಿಜ್ಞಾನ ಓದಬೇಕೆಂದು ಅವಳ ಆಸೆ. ಅಲ್ಲಿ ಸೀಟು ಕಡಿಮೆ. ಅವಳ ಅಂಕಗಳು ಪರವಾಗಿಲ್ಲ ಅನ್ನುವಷ್ಟು, ಅಷ್ಟೇ. ಅವಳನ್ನು ಸಂದರ್ಶನದವರೆಗೆ ಎಳೆದುಕೊಂಡು ಹೋಗಬೇಕಾದದ್ದು ಆರುನೂರೈವತ್ತು ಪದಗಳ ಪ್ರಬಂಧ. ಅದು ಸೋತರೆ ಮನೆ ಪಕ್ಕದ ಕಾಲೇಜಿನಲ್ಲಿ ಬಿ.ಕಾಂ., ಆಮೇಲೆ ಹೋಟೆಲಿನ ಗಲ್ಲಾ. ಬೇರೆಲ್ಲೂ ಅವಳು ಅರ್ಜಿ ಹಾಕಿರಲಿಲ್ಲ.

ಯಜಮಾನರನ್ನು ಹನ್ನೊಂದು ವರ್ಷದಿಂದ ಬಲ್ಲೆ. ಮೊದಲ ಸಲ ಹೋದಾಗ, “ಸಾಂಬಾರ್ ತುಂಬಾ ಚೆನ್ನಾಗಿದೆ ರಾಯರೇ” ಎಂದಿದ್ದೆ. ಮೈಸೂರಿನವಳು, ಎರಡು ಒಳ್ಳೆಯ ಮಾತಾಡೋಣ ಎಂದು. ಅವರು ಚಿಲ್ಲರೆ ಕೊಡುತ್ತಾ, “ನಮಗೆ ಗೊತ್ತುಂಟು ಮೇಡಂ” ಎಂದಿದ್ದರು. “ಗಿರಾಕಿಯನ್ನು ಕೇಳಿ ತಿಳ್ಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ.” ಅಬ್ಬಾ, ಏನು ಗತ್ತು ಅನ್ನಿಸಿತ್ತು. ಆದರೂ ಮರುದಿನ ಅಲ್ಲಿಗೇ ಹೋದೆ. ಸಾಂಬಾರು ಹಾಗಿತ್ತು.

ನನ್ನ ಕೆಲಸದ ಕ್ರಮ ಹೀಗೆ. ಮೊದಲ ಎರಡು ಭೇಟಿಯಲ್ಲಿ ಬರೆಯುವಂತಿಲ್ಲ. ಮೂರು ದಿನಗಳ ಪಟ್ಟಿ ತರಬೇಕು: ಎದ್ದಾಗಿನಿಂದ ಮಲಗುವವರೆಗೆ, ಅರ್ಧರ್ಧ ಗಂಟೆಗೆ ಏನು ಮಾಡಿದೆ ಎಂದು. ಮಕ್ಕಳಿಗೆ ಇದು ಮಹಾ ಬೇಸರ. ಆದರೆ ಸಾಧನೆ ಏನು ಎಂದು ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ, ಬೆಳಗ್ಗೆ ಆರಕ್ಕೆ ಏನು ಮಾಡಿದೆ ಎಂದರೆ ಒಬ್ಬೊಬ್ಬರದು ಒಂದೊಂದು. ಪಟ್ಟಿ ಬಂದ ಮೇಲೆ ಫೋನಿನಲ್ಲಿ ರೆಕಾರ್ಡ್ ಮಾಡುತ್ತಾ ಮಾತಾಡಿಸುತ್ತೇನೆ. ಯಾವ ಭಾಷೆಯಾದರೂ ಸರಿ. ಅದನ್ನು ಕೂತು ಟೈಪ್ ಮಾಡುತ್ತೇನೆ. ಬರವಣಿಗೆ ಆಮೇಲೆ.

ಹುಡುಗಿಯ ಮೂರೂ ಪಟ್ಟಿಗಳಲ್ಲಿ ಟ್ಯೂಷನ್, ಸ್ಕೂಲು, ಫೋನು, ನಿದ್ದೆ. ಎಲ್ಲ ಮಕ್ಕಳಂತೆಯೇ. ಒಂದು ಸಾಲು ಮಾತ್ರ ಮೂರೂ ದಿನ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಐದು ನಲವತ್ತರಿಂದ ಆರು ಹತ್ತು: ಹೋಟೆಲ್. ಭಾನುವಾರವೂ.

“ಅಷ್ಟು ಹೊತ್ತಿಗೆ ಅಲ್ಲಿ ಏನು ಮಾಡ್ತೀಯ?”

“ಒಣ್ಣುಮಿಲ್ಲೆ ಆಂಟಿ. ಸುಮ್ಮಾ ನಿಪ್ಪೇನ್.”

ಏನೂ ಇಲ್ಲ, ಸುಮ್ಮನೆ ನಿಲ್ಲುತ್ತಾಳಂತೆ. ಹದಿನೇಳು ವರ್ಷದ ಯಾವ ಮಗು ಭಾನುವಾರ ಬೆಳಗ್ಗೆ ಐದು ನಲವತ್ತಕ್ಕೆ ಎದ್ದು ಸುಮ್ಮನೆ ನಿಲ್ಲುತ್ತದೆ? ನಾನು ಬಿಡಲಿಲ್ಲ. ಅವಳು ಫೋನಿನ ಕಡೆ ನೋಡಿದಳು. ರೆಕಾರ್ಡಿಂಗ್ ಆಫ್ ಮಾಡಿದೆ. ಆಗ ಹೇಳಿದಳು, ತಮಿಳು ಇಂಗ್ಲಿಷು ಕಲಸಿ, ಇಪ್ಪತ್ತು ನಿಮಿಷ.

ಅವರ ಹೋಟೆಲಿನಲ್ಲಿ ಅಜ್ಜನ ಕಾಲದಿಂದ ಒಂದು ಕಟ್ಟಳೆ. ಬೆಳಗಿನ ಮೊದಲ ಸೌಟು ಸಾಂಬಾರು ಗಲ್ಲಾದ ಹಿಂದಿರುವ ದೇವರಿಗೆ ನೈವೇದ್ಯ. ಅದಕ್ಕೆ ಮುಂಚೆ ಯಾರೂ ನಾಲಿಗೆಗೆ ಹಾಕುವಂತಿಲ್ಲ. ದೇವರಿಗೆ ಇಟ್ಟ ಮೇಲೆ ಕೊಪ್ಪರಿಗೆಗೆ ಏನನ್ನೂ ಸೇರಿಸುವಂತಿಲ್ಲ. ದೇವರು ಉಂಡದ್ದೇ ಗಿರಾಕಿಗೆ. ಹಾಗಾದರೆ ಉಪ್ಪು, ಹುಳಿ, ಇಂಗು ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ಮೂಗಿನಿಂದ. ಒಲೆಯ ಮುಂದೆ ಗಂಟೆಗಟ್ಟಲೆ ನಿಂತ ಅಡುಗೆಯವರ ಮೂಗು ದಣಿದಿರುತ್ತದೆ, ಅದನ್ನು ನಂಬಬಾರದು. ಹೊರಗಿನ ಗಾಳಿಯಿಂದ ಬಂದ ಯಜಮಾನ ಕೊಪ್ಪರಿಗೆಯ ಮೇಲೆ ಬಾಗಿ ವಾಸನೆ ನೋಡಿ ಹೇಳಬೇಕು. ಅಜ್ಜ ಹೇಳುತ್ತಿದ್ದರು, ಅವರ ನಂತರ ಅಪ್ಪ.

“ಉಪ್ಪಿಗೆ ವಾಸನೆ ಎಲ್ಲಿದೆಯೇ?” ಎಂದೆ. ಅವಳು ನನ್ನನ್ನು ದಡ್ಡಿಯನ್ನು ನೋಡಿದ ಹಾಗೆ ನೋಡಿದಳು. ಉಪ್ಪಿಗಿಲ್ಲ, ಉಪ್ಪು ಬಿದ್ದ ಬೇಳೆಗಿದೆ ಎಂದಳು.

ಕೊರೊನಾ ಬಂದುಹೋದ ಮೇಲೆ ಅಪ್ಪನ ಮೂಗು ಹಿಂತಿರುಗಲಿಲ್ಲ. ಮೊದಲು ಬರುತ್ತದೆ ಎಂದು ಕಾದರು, ಡಾಕ್ಟರಿಗೂ ತೋರಿಸಿದರು. ಬರಲಿಲ್ಲ. ಒಂದು ಬೆಳಗ್ಗೆ ಮಗಳನ್ನು ಎಬ್ಬಿಸಿ ಕೆಳಗೆ ಕರೆದುಕೊಂಡು ಹೋದರು. ಅಂದಿನಿಂದ ಅಪ್ಪ ಕೊಪ್ಪರಿಗೆಯ ಮೇಲೆ ಬಾಗುತ್ತಾರೆ, ಮಗಳು ಪಕ್ಕದಲ್ಲಿ ಬ್ಯಾಗು ಹಿಡಿದು ನಿಲ್ಲುತ್ತಾಳೆ. ಸರಿಯಿದ್ದರೆ “ಅಪ್ಪಾ, ಟೈಮ್ ಆಚ್ಚು”, ಹೊತ್ತಾಯಿತು, ಎನ್ನುತ್ತಾಳೆ. ಉಪ್ಪು ಕಡಿಮೆಯಿದ್ದರೆ ಪೆನ್ನು ಬೇಕು ಎನ್ನುತ್ತಾಳೆ, ಇಂಗು ಕಡಿಮೆಯಿದ್ದರೆ ಪೆನ್ಸಿಲ್ ಬೇಕು ಎನ್ನುತ್ತಾಳೆ; ಬೇರೆಯವರಿಗೆ ತಿಳಿಯಬಾರದೆಂದು ಈ ಗುಟ್ಟಿನ ಮಾತು. ಅಪ್ಪ ತಲೆಯೆತ್ತಿ, “ಭಟ್ರೇ, ಉಪ್ಪು ಒಂದು ಚೂರು” ಎಂದು ಅಡುಗೆಯವರಿಗೆ ಹೇಳುತ್ತಾರೆ. ತಿಂಗಳಿನ ಮೂರು ದಿನ ಅವಳು ಅಡುಗೆಮನೆಗೆ ಹೋಗುವಂತಿಲ್ಲ. ಆಗ ಹಿಂದಿನ ಓಣಿಯಲ್ಲಿ, ಹೊಗೆ ಹೊರಗೆಳೆಯುವ ಫ್ಯಾನಿನ ಕೆಳಗೆ ನಿಂತು ಕಿಟಕಿಯಿಂದ ಪೆನ್ನು ಕೇಳುತ್ತಾಳೆ. ಹೀಗೆ ಮೂರು ವರ್ಷ.

“ಯಾರ್ ಕಿಟ್ಟೇಯುಂ ಸೊಲ್ಲಾದೀಂಗ ಆಂಟಿ” ಎಂದಳು. ಯಾರಿಗೂ ಹೇಳಬೇಡಿ.

ಇದನ್ನೇ ಬರಿ ಎಂದೆ ನಾನು. ಪ್ರಬಂಧ ಹೋಗುವುದು ಸಾವಿರ ಮೈಲಿ ದೂರದ ಯಾರೋ ಇಬ್ಬರ ಕೈಗೆ, ಇಲ್ಲಿ ಯಾರಿಗೂ ತಿಳಿಯುವುದಿಲ್ಲ ಎಂದು ಧೈರ್ಯ ಹೇಳಿದೆ. ಅಪ್ಪನನ್ನು ಒಂದು ಮಾತು ಕೇಳಬೇಕೇ ಎಂದು ಅವಳು ಕೇಳಿದಳು. ಮೊದಲು ಬರೆ, ಚೆನ್ನಾಗಿ ಬಂದರೆ ಕೇಳೋಣ ಎಂದೆ. ನಿಜ ಹೇಳಬೇಕೆಂದರೆ, ಕೇಳಿದರೆ ಅವರು ಬೇಡ ಅನ್ನುತ್ತಾರೆ ಎಂದು ನನಗೆ ಗೊತ್ತಿತ್ತು. ಇಂಥ ವಿಷಯ ನನ್ನ ಮೇಜಿಗೆ ದಿನಾ ಬರುವುದಿಲ್ಲ; ಕಳೆದುಕೊಳ್ಳಲು ನನಗೇ ಮನಸ್ಸಿರಲಿಲ್ಲ.

ಮೊದಲ ಕರಡು ಸಾವಿರದ ನೂರು ಪದ. ಮೊದಲ ಪ್ಯಾರಾದಲ್ಲಿ ಮನುಷ್ಯನ ಪಂಚೇಂದ್ರಿಯಗಳ ಮಹತ್ವ. ಹೊಡೆದುಹಾಕಿದೆ. ಎರಡನೆಯದರಲ್ಲಿ ಭಾರತೀಯ ಅಡುಗೆಯ ಪರಂಪರೆ. ಅದೂ ಹೋಯಿತು. ಮೂರನೆಯ ಪ್ಯಾರಾದ ಎರಡನೇ ವಾಕ್ಯದಲ್ಲಿ ಅವಳು ಕೊಪ್ಪರಿಗೆಯ ಪಕ್ಕ ನಿಂತಿದ್ದಳು; ಅಲ್ಲಿಂದ ಶುರುಮಾಡು ಎಂದೆ. ಎರಡನೇ ಕರಡಿನಲ್ಲಿ ‘ಪ್ಯಾಷನ್’ ಎಂಬ ಪದ ಏಳು ಸಲ ಇತ್ತು, ಮೂರನೆಯದರಲ್ಲಿ ಇರಲಿಲ್ಲ. ಪ್ರತಿ ಸಲವೂ ಹೊಸ ಹಾಳೆಯಲ್ಲಿ ಮೊದಲಿನಿಂದ ಕೈಯಲ್ಲೇ ಬರೆಸುತ್ತಿದ್ದೆ. ಕಂಪ್ಯೂಟರಿನಲ್ಲಾದರೆ ಹಳೆಯ ವಾಕ್ಯಗಳು ಸಾಯುವುದೇ ಇಲ್ಲ.

ನಾಲ್ಕನೆಯ ಕರಡಿನಿಂದ ನಾನು ವಾಕ್ಯ ಸಾಲ ಕೊಡಲು ಶುರುಮಾಡಿದೆ. ‘ಇದನ್ನು ಹೀಗೆ ಹೇಳಿದರೆ?’ ಎಂದು ಒಂದು, ‘ಈ ಎರಡನ್ನು ಜೋಡಿಸಿದರೆ?’ ಎಂದು ಇನ್ನೊಂದು. ಅಪ್ಪ ಗಿರಾಕಿಗಳಿಗೆ ಹೆದರಿ ಇದನ್ನು ಮುಚ್ಚಿಟ್ಟರು ಎಂಬ ಕಡೆಗೆ ಭಯದ ಬಗ್ಗೆ ಒಂದು ಗಂಭೀರವಾದ ಮಾತು ಸೇರಿಸಿದೆ. ಕೊನೆಗೆ, ಅಪ್ಪ ಕಳೆದುಕೊಂಡ ಜಗತ್ತಿಗೆ ನಾನೇ ದಾರಿ ಎಂಬ ಅರ್ಥ ಬರುವ ವಾಕ್ಯವೊಂದನ್ನು ನಾನೇ ಇಂಗ್ಲಿಷಿನಲ್ಲಿ ಹೊಸೆದೆ. ಓದಿದರೆ ಗಂಟಲು ಕಟ್ಟಬೇಕು, ಹಾಗಿತ್ತು. ಹುಡುಗಿ ಅದನ್ನು ನೀಟಾಗಿ ನಕಲು ಮಾಡಿಕೊಂಡಳು. “ಸೂಪರ್ ಆಂಟಿ” ಎಂದಳು. ಆರುನೂರ ನಲವತ್ತೆಂಟು ಪದ. ನನಗೆ ನನ್ನ ಮೇಲೆಯೇ ಬಹಳ ಮೆಚ್ಚುಗೆಯಾಯಿತು.

ನನ್ನ ಇನ್ನೊಂದು ಕ್ರಮ, ಮುಗಿದ ಕರಡನ್ನು ಮಗುವಿನ ಪರಿಚಯವೇ ಇಲ್ಲದ ಒಬ್ಬರಿಗೆ ಓದಿಸುವುದು. ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿ ಒಬ್ಬರು ನಿವೃತ್ತ ಪ್ರೂಫ್ ರೀಡರ್ ಇದ್ದಾರೆ, ತಮಿಳರು, ಪತ್ರಿಕೆಯೊಂದರಲ್ಲಿ ಮೂವತ್ತು ವರ್ಷ ಕಣ್ಣು ಸವೆಸಿದವರು. ಎಲ್ಲಿ ಬೇಸರವಾಯಿತೋ ಅಲ್ಲಿ ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಡುತ್ತಾರೆ. ಬೇರೆ ಮಾತಿಲ್ಲ. ಅವರಿಗೆ ಕೊಡುವ ಮುಂಚೆ ಹುಡುಗಿಯ ಹೆಸರು ತೆಗೆದೆ, ಬೀದಿಯ ಹೆಸರು ತೆಗೆದೆ, ಊರನ್ನೂ ತೆಗೆದೆ. ಎಷ್ಟು ಜಾಗ್ರತೆ ನೋಡಿ.

ದೇವರು ಉಂಡದ್ದೇ ನಿಮಗೆ ಎಂಬ ಮಾತನ್ನು ತೆಗೆಯಲಿಲ್ಲ. ಆ ಮಾತು ಹೋಟೆಲಿನ ಕೈತೊಳೆಯುವ ಬೇಸಿನ್ನಿನ ಮೇಲೆ, ಅಜ್ಜನ ಕಾಲದ ಬೋರ್ಡಿನಲ್ಲಿ, ತಮಿಳಿನಲ್ಲೂ ಕನ್ನಡದಲ್ಲೂ ಇದೆ. ಹನ್ನೊಂದು ವರ್ಷದಿಂದ ಅದರ ಕೆಳಗೆ ಕೈ ತೊಳೆದಿದ್ದೇನೆ. ಒಂದು ದಿನವೂ ಓದಿರಲಿಲ್ಲ. ಪ್ರೂಫ್ ರೀಡರು ಓದಿದ್ದರು. ಅವರು ಓದದೆ ಬಿಟ್ಟ ಬೋರ್ಡು ಈ ಊರಿನಲ್ಲೇ ಇರಲಿಕ್ಕಿಲ್ಲ. ಅವರು ದಿನಾ ಬೆಳಗ್ಗೆ ಆರೂವರೆಗೆ ಅಲ್ಲಿಯೇ ಇಡ್ಲಿ ತಿನ್ನುವುದು ಎನ್ನುವುದೂ ನನಗೆ ಹೊಳೆಯಲಿಲ್ಲ.

ಅವರು ಕೆಟ್ಟವರಲ್ಲ. ಓದಿ ಮನಸ್ಸು ತುಂಬಿ ಬಂದಿದೆ. ಮರುದಿನ ಕಾಫಿ ಕುಡಿದು ಗಲ್ಲಾದ ಮುಂದೆ ನಿಂತು, ನಿಮ್ಮ ಮಗಳು ನಿಮ್ಮ ಬಗ್ಗೆ ಎಷ್ಟು ಚೆನ್ನಾಗಿ ಬರೆದಿದ್ದಾಳೆ ಸಾರ್, ನಿಮ್ಮ ಕಷ್ಟ ಇಷ್ಟು ದಿನ ನಮಗೆ ಗೊತ್ತೇ ಇರಲಿಲ್ಲವಲ್ಲ ಎಂದು ಯಜಮಾನರ ಕೈ ಹಿಡಿದುಕೊಂಡಿದ್ದಾರೆ. ಹಿಂದೆ ಇಬ್ಬರು ಬಿಲ್ ಹಿಡಿದು ನಿಂತಿದ್ದರಂತೆ.

ಅಂದು ಸಂಜೆ ಹುಡುಗಿ ಬರಲಿಲ್ಲ. ಫೋನು ತೆಗೆಯಲಿಲ್ಲ. ಎಂಟು ಗಂಟೆಗೆ ಒಂದು ಮೆಸೇಜ್ ಬಂತು: ಅಪ್ಪ ಬೇಡ ಅಂದರು, ಅರ್ಜಿಯೇ ಬೇಡ ಅಂದರು. ಕೊನೆಯ ದಿನಾಂಕಕ್ಕೆ ಆರು ದಿನ ಉಳಿದಿತ್ತು.

ಮೊದಲು ನನಗೆ ಸಿಟ್ಟು ಬಂದದ್ದು ಪ್ರೂಫ್ ರೀಡರ ಮೇಲೆ. ಆಮೇಲೆ ಯಜಮಾನರ ಮೇಲೆ. ಮೂಗಿನ ವಿಷಯಕ್ಕೆ ಮಗಳ ಓದು ನಿಲ್ಲಿಸುವುದೇ? ಮರುದಿನ ಬೆಳಗ್ಗೆ ಮನೆಯಲ್ಲೇ ಕಾಫಿ ಮಾಡಿಕೊಂಡು ಕುಡಿದೆ. ಅಲ್ಲಿಗೆ ಹೋಗಲು ಕಾಲೇ ಬರಲಿಲ್ಲ. ಆಗ ಸಿಟ್ಟೆಲ್ಲ ತಿರುಗಿ ಎಲ್ಲಿ ಕೂರಬೇಕೋ ಅಲ್ಲಿ ಬಂದು ಕೂತಿತು. ಅವಳು ಕೇಳಿದ್ದಳು, ಅಪ್ಪನನ್ನು ಕೇಳಬೇಕೇ ಎಂದು. ತಡೆದವಳು ನಾನು. ನಾಚಿಕೆಯಾಯಿತು.

ನನ್ನ ಮುಂದೆ ಎರಡು ದಾರಿಯಿತ್ತು. ಬೇರೆ ವಿಷಯದ ಮೇಲೆ ಐದು ದಿನದಲ್ಲಿ ಒಂದು ಸಾಧಾರಣ ಪ್ರಬಂಧ ಬರೆಸಿ, ಅರ್ಜಿಗಾದರೂ ಒಪ್ಪಿಸುವುದು. ಅಥವಾ ಹೋಗಿ, ಇಂಥ ಅವಕಾಶ ಮತ್ತೆ ಸಿಗುವುದಿಲ್ಲ ರಾಯರೇ ಎಂದು ವಾದ ಮಾಡಿ ಗೆಲ್ಲುವುದು. ವಾದದಲ್ಲಿ ನಾನು ಸಾಮಾನ್ಯವಾಗಿ ಗೆಲ್ಲುತ್ತೇನೆ. ಅದಕ್ಕೇ ಅದನ್ನು ಮಾಡಬಾರದು ಎಂದು ತೀರ್ಮಾನಿಸಿದೆ. ಪ್ರಬಂಧದ ಇದ್ದೊಂದು ಪ್ರತಿಯನ್ನೂ ಎಲ್ಲ ಕರಡುಗಳನ್ನೂ ಒಂದು ಫೈಲಿಗೆ ಹಾಕಿಕೊಂಡು ಹೊರಟೆ. ಅವರು ಓದಲಿ, ಬೇಡ ಅಂದರೆ ಅವರ ಕೈಯಲ್ಲೇ ಹರಿಯಲಿ ಎಂದು.

ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಇನ್ನೂ ಶುರುವಾಗದ ಹೊತ್ತು. ಹಾಲ್ ಖಾಲಿ. ಯಜಮಾನರು ಗಲ್ಲಾದಲ್ಲಿ ಕೂತಿದ್ದರು. ಅಡುಗೆಯ ಭಟ್ಟರು ಒಂದು ಮೇಜಿನ ಮೇಲೆ ಬೀನ್ಸ್ ಹರವಿಕೊಂಡು ನಾರು ತೆಗೆಯುತ್ತಿದ್ದರು.

“ತಪ್ಪು ನನ್ನದು ರಾಯರೇ” ಎಂದೆ. “ನಿಮ್ಮನ್ನು ಕೇಳ್ಬೇಕು ಅಂತ ಅವಳು ಹೇಳಿದ್ಲು. ಬೇಡ ಅಂದೋಳು ನಾನು. ಬೇರೆಯವರಿಗೆ ಓದೋಕೆ ಕೊಟ್ಟೋಳೂ ನಾನೇ.”

ಅವರು ಗಲ್ಲಾದ ಡ್ರಾಯರ್ ಮುಚ್ಚಿದರು. ಆಮೇಲೆ, “ನಿನ್ನೆಯಿಂದ ಇಬ್ರು ಕೇಳಿದ್ರು ಮೇಡಂ. ಒಬ್ರು ಮೂಗಿಗೆ ಎಂತದೋ ಎಣ್ಣೆ ಬಿಡಿ ಅಂದ್ರು. ಇನ್ನೊಬ್ರು ಸಾಂಬಾರ್ ಬಟ್ಟಲು ಮುಟ್ಲೇ ಇಲ್ಲ. ಎಪ್ಪತ್ತು ವರ್ಷದ ಹೋಟೆಲು ಇದು” ಎಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

ಫೈಲನ್ನು ಅವರ ಮುಂದಿಟ್ಟೆ. ಓದಿ ನೋಡಿ, ಬೇಡವಾದರೆ ಹರಿದುಬಿಡಿ, ನನ್ನ ಹತ್ತಿರ ಬೇರೆ ಪ್ರತಿ ಇಲ್ಲ ಎಂದೆ. ಅವರು ಮೊದಲ ಹಾಳೆ ಎತ್ತಿ ಸ್ವಲ್ಪ ಹೊತ್ತು ನೋಡಿದರು. “ಈ ಇಂಗ್ಲಿಷು ನನಗೆ ಹಿಡಿಯುದಿಲ್ಲ” ಎಂದರು. ಮೇಲಕ್ಕೆ ಕೂಗಿ ಮಗಳನ್ನು ಕರೆದರು. ಅವಳು ಇಳಿದು ಬಂದಳು, ಕಣ್ಣು ಬಾತುಕೊಂಡಿತ್ತು. ನನ್ನ ಮುಖ ನೋಡಲಿಲ್ಲ.

“ಓದು” ಎಂದರು ಅಪ್ಪ. “ಕನ್ನಡದಲ್ಲಿ ಹೇಳು. ತಮಿಳು ಬೇಡ. ನಿನ್ನ ಅಜ್ಜನ ಹೋಟೆಲಿನ ವಿಷಯ, ನಿನ್ನ ಅಜ್ಜನ ಭಾಷೆಯಲ್ಲಿ ಹೇಳು.”

ಹುಡುಗಿ ಹಾಳೆ ಹಿಡಿದು ನಿಂತಳು. ಬೀನ್ಸಿನ ಮೇಜಿನಿಂದ ಸದ್ದು ನಿಂತಿತು.

ಅವಳ ಕನ್ನಡ ತಡವರಿಸಿಕೊಂಡು ಬಂತು. “ಬೆಳಿಗ್ಗೆ ಐದು ನಲವತ್ತಕ್ಕೆ… ನಾನು ಅಪ್ಪನ ಪಕ್ಕ ನಿಲ್ತೇನೆ. ಕೊಪ್ಪರಿಗೆ ನನ್ನ… ನನ್ನ ಸೊಂಟಕ್ಕೆ ಬರ್ತದೆ. ಮೊದ್ಲು ಎದೆಗೆ ಬರ್ತಿತ್ತು.” ಒಂದೊಂದು ವಾಕ್ಯಕ್ಕೂ ಇಂಗ್ಲಿಷ್ ಸಾಲನ್ನು ದಿಟ್ಟಿಸಿ, ತಲೆಯೆತ್ತಿ, ಅಪ್ಪನ ಮುಖ ನೋಡಿ ಹೇಳುತ್ತಿದ್ದಳು. ಪೆನ್ನಿನ ವಿಷಯ ಬಂತು, ಪೆನ್ಸಿಲಿನ ವಿಷಯ ಬಂತು, ಗಿರಾಕಿಗೆ ಹೆದರಿ ಅಪ್ಪ ಮುಚ್ಚಿಟ್ಟದ್ದೂ ಬಂತು. ಓಣಿಯಲ್ಲಿ ಫ್ಯಾನಿನ ಕೆಳಗೆ ನಿಲ್ಲುವುದು ಬಂದಾಗ ದನಿ ಸಣ್ಣದಾಯಿತು, ಆದರೆ ಬಿಡಲಿಲ್ಲ. “ಉಪ್ಪು ಕಡಿಮೆ ಇದ್ರೆ ಬೇಳೆ… ನಿದ್ದೆಯಲ್ಲಿ ಇದ್ದ ಹಾಗೆ ವಾಸನೆ. ಉಪ್ಪು ಹಾಕಿದ್ರೆ ಏಳ್ತದೆ” ಎಂದಳು. ಇಂಗ್ಲಿಷಿನಲ್ಲಿ ಆ ಜಾಗದಲ್ಲಿ ನಾನು ತಿದ್ದಿ ಕೂರಿಸಿದ ಮೂರು ಸಾಲಿನ ವಾಕ್ಯವಿತ್ತು.

ಆಗ ನಾನು ಗಮನಿಸಿದೆ. ಕೆಲವು ವಾಕ್ಯಗಳ ಹತ್ತಿರ ಬಂದಾಗ ಅವಳು ನಿಲ್ಲುತ್ತಿದ್ದಳು, ಬಾಯಿ ತೆರೆಯುತ್ತಿದ್ದಳು, ಕನ್ನಡ ಸಿಗದೆ ಮುಂದಕ್ಕೆ ಹಾರುತ್ತಿದ್ದಳು. ಅವಳು ನಕಲು ಮಾಡಿಕೊಂಡ ಕರಡನ್ನು ಫೈಲಿನಿಂದ ಎತ್ತಿಕೊಂಡೆ. ಪೆನ್ಸಿಲ್ ತೆಗೆದು ಅವಳು ಹಾರಿದ ಕಡೆಯೆಲ್ಲ ಗುರುತು ಹಾಕುತ್ತಾ ಹೋದೆ. ಭಯದ ಬಗೆಗಿನ ಗಂಭೀರ ಮಾತು: ಹಾರಿದಳು. ಎರಡನ್ನು ಜೋಡಿಸಿದ ವಾಕ್ಯ: ಹಾರಿದಳು. ಕೊನೆಗೆ ಆ ಗಂಟಲು ಕಟ್ಟುವ ವಾಕ್ಯಕ್ಕೆ ಬಂದಳು. ಅಪ್ಪನನ್ನು ನೋಡಿದಳು. “ಅಷ್ಟೇ ಅಪ್ಪಾ” ಎಂದು ಹಾಳೆ ಮಡಚಿದಳು.

ಅವಳು ಹಾರಿದ್ದೆಲ್ಲ ನನ್ನದು. ಒಂದೂ ತಪ್ಪದ ಹಾಗೆ. ಅಪ್ಪನ ಮುಖ ನೋಡಿ ಹೇಳಲು ಬಾರದ್ದನ್ನೆಲ್ಲ ನಾನು ಅವಳ ಕೈಯಲ್ಲಿ ಬರೆಸಿದ್ದೆ. ಬರೆದುಕೊಡುವುದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವವಳು.

ಮೊದಲು ಮಾತಾಡಿದವರು ಭಟ್ಟರು. “ಪೆನ್ನಿನ ವಿಷಯ ನನಗೆ ಗೊತ್ತುಂಟು” ಎಂದರು, ಬೀನ್ಸಿನ ಕಡೆಯೇ ನೋಡುತ್ತಾ. “ಮೂರು ವರ್ಷ ದಿನಾ ಪೆನ್ನು ಕಳ್ಕೊಳ್ಳುವ ಹುಡುಗಿ ಲೋಕದಲ್ಲಿ ಎಲ್ಲಿಯಾದ್ರೂ ಉಂಟಾ ಮಾರಾಯ್ರೆ?”

ಯಜಮಾನರು ಅವರ ಕಡೆ ತಿರುಗಿದರು. “ಮತ್ತೆ ನೀವು ಹೇಳ್ಲಿಲ್ಲ?”

“ಎಂತ ಹೇಳುದು? ನೀವು ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ.” ಒಂದು ಬೀನ್ಸ್ ಮುರಿದರು. “ಇವಳಿಗೆ ಜ್ವರ ಬಂದು ಎರಡು ದಿನ ಕೆಳಗೆ ಬರ್ಲಿಲ್ಲ, ನೆನಪುಂಟಾ? ಆ ಎರಡು ದಿನ ನಾನು ನೈವೇದ್ಯಕ್ಕೆ ಮುಂಚೆ ನಾಲಿಗೆಗೆ ಹಾಕಿದ್ದೇನೆ. ಮೂವತ್ತು ವರ್ಷದಲ್ಲಿ ಆ ಎರಡೇ ದಿನ. ಪಾಪ ಇದ್ರೆ ನನಗೇ ಇರ್ಲಿ.”

ಯಜಮಾನರು ಗಲ್ಲಾದ ಹಿಂದಿನ ದೇವರ ಪಟ ನೋಡಿದರು. “ಅವನೇನೂ ಹೇಳ್ಲಿಲ್ಲ ಅಲ್ಲ?” ಎಂದರು.

“ಸಾಂಬಾರು ಲಾಯ್ಕಿತ್ತು. ಎಂತ ಹೇಳುದು ಅವನು?”

ಹುಡುಗಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಅಪ್ಪ ಎದ್ದು ಅವಳ ಹತ್ತಿರ ಹೋದರು. ತಲೆಯ ಮೇಲೆ ಕೈಯಿಡುವ ಜಾತಿಯ ಮನುಷ್ಯರಲ್ಲ ಅವರು. ಎದುರಿಗೆ ನಿಂತರು, ಅಷ್ಟೇ.

“ಒಂದು ತಪ್ಪುಂಟು ಮಗಾ” ಎಂದರು. “ಗಿರಾಕಿಗೆ ಹೆದರಿ ಮುಚ್ಚಿಟ್ಟೆ ಅಂತ ಬರ್ದಿದ್ದಿ. ಸ್ವಲ್ಪ ಹೌದು. ಪೂರ್ತಿ ಹೌದಲ್ಲ. ನಿನ್ನನ್ನು ಒಂದು ವಾರಕ್ಕೆ ಅಂತ ಕರ್ದದ್ದು. ವಾರ ಆಯ್ತು, ತಿಂಗಳಾಯ್ತು, ಮೂರು ವರ್ಷ ಆಯ್ತು. ದಿನಾ ಬೆಳಿಗ್ಗೆ ನೀನು ‘ಟೈಮ್ ಆಚ್ಚು’ ಅಂದ ಕೂಡ್ಲೆ ನನಗೆ ಪರಿಮಳ ಬಂದ ಹಾಗೆ ಆಗ್ತಿತ್ತು. ಸಾಕು, ಮಲಕ್ಕೋ ಅಂತ ಹೇಳ್ಬೇಕಿತ್ತು. ಹೇಳ್ಲಿಕ್ಕೆ ಮನಸ್ಸು ಬರ್ಲಿಲ್ಲ. ಅದನ್ನು ಬರಿ.”

“ಅನುಪ್ಪಟ್ಟುಮಾ ಅಪ್ಪಾ?” ಎಂದು ಕೇಳಿ, ತಕ್ಷಣ ತಿದ್ದಿಕೊಂಡಳು. “ಕಳಿಸ್ಲಾ?”

“ಕಳ್ಸು.”

ಐದು ದಿನ ಉಳಿದಿದ್ದವು. ನಾನು ಪೆನ್ಸಿಲ್ ಗುರುತು ಹಾಕಿದ್ದನ್ನೆಲ್ಲ ಅವಳೇ ಹೊಡೆದುಹಾಕಿದಳು. ಅಪ್ಪ ಹೇಳಿದ್ದನ್ನು ಅವಳ ಇಂಗ್ಲಿಷಿನಲ್ಲಿ, ಅವಳಿಗೆ ಬಂದ ಹಾಗೆ ಸೇರಿಸಿದಳು. ಎರಡು ಕಡೆ ಇಂಗ್ಲಿಷು ಸ್ವಲ್ಪ ಸೊಟ್ಟಗಿತ್ತು. ನನ್ನ ಕೈ ತುರಿಸಿತು, ಕೈಯನ್ನು ತೊಡೆಯಡಿ ಇಟ್ಟುಕೊಂಡು ಕೂತೆ. ಕೊನೆಯ ವಾಕ್ಯ ಹೀಗಿತ್ತು: ಈಗ ನಾನು ಪೆನ್ನು ಕೇಳಿದರೆ ಅಪ್ಪ ನಿಜವಾಗಿಯೂ ಪೆನ್ನು ಕೊಡುತ್ತಾರೆ. ಒಟ್ಟು ಐನೂರ ಹನ್ನೆರಡು ಪದ. ನೂರ ಮೂವತ್ತೆಂಟು ಪದದ ಜಾಗ ಖಾಲಿ ಬಿಟ್ಟು ಕಳಿಸಿದ ಮೊದಲ ಪ್ರಬಂಧ ಅದು ನನ್ನ ಮೇಜಿನಿಂದ.

ಸಂದರ್ಶನಕ್ಕೆ ಕರೆ ಬಂತು. ಫೋನಿನ ಪರದೆಯ ಮೇಲೆ ಇಬ್ಬರು ಅರ್ಧ ಗಂಟೆ ಅವಳ ಹತ್ತಿರ ಉಪ್ಪು ಮತ್ತು ಬೇಳೆಯ ಬಗ್ಗೆಯೇ ಮಾತಾಡಿದರಂತೆ. ಒಬ್ಬರು ನಾನು ಕೇಳಿದ್ದ ಪ್ರಶ್ನೆಯನ್ನೇ ಕೇಳಿದರಂತೆ, ಉಪ್ಪಿಗೆ ವಾಸನೆ ಎಲ್ಲಿದೆ ಎಂದು. ಸೀಟು ಸಿಕ್ಕಿತು. ಜುಲೈ ಕೊನೆಗೆ ಹೊರಟಳು. ಹೊರಡುವ ದಿನ ನನ್ನ ಮನೆಗೆ ಬಂದು, “ಹೋಗಿ ಬರ್ತೇನೆ ಆಂಟಿ” ಎಂದಳು. ಕನ್ನಡದಲ್ಲಿ, ಅವಳ ಅಪ್ಪನ ಕನ್ನಡದಲ್ಲಿ. ಪ್ರೂಫ್ ರೀಡರಿಗೂ ಹೇಳಿ ಹೋದಳು; ಅವರು ಅವಳಿಗೆ ಒಂದು ಡಜನ್ ಪೆನ್ನು ಕೊಟ್ಟರು.

ಅವಳು ಹೋದ ಎರಡು ವಾರಕ್ಕೆ, ಒಂದು ಬೆಳಗ್ಗೆ ಹೋಟೆಲಿಗೆ ಹೋದೆ. ಹಾಲ್ ತುಂಬಿತ್ತು. ಇಡ್ಲಿ ಬಂತು, ಸಾಂಬಾರು ಬಂತು. ಎರಡು ತುತ್ತು ತಿಂದಿದ್ದೆ. ತಲೆಯೆತ್ತಿದರೆ ಯಜಮಾನರು ಗಲ್ಲಾ ಬಿಟ್ಟು ನನ್ನ ಮೇಜಿನ ಪಕ್ಕ ಬಂದು ನಿಂತಿದ್ದರು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದರು.

“ಮೇಡಂ,” ಎಂದರು, “ಸಾಂಬಾರು ಹೇಗುಂಟು?”

ಹನ್ನೊಂದು ವರ್ಷದಲ್ಲಿ ಮೊದಲ ಸಲ. ತುಂಬಾ ಚೆನ್ನಾಗಿದೆ ರಾಯರೇ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು, ಮೈಸೂರಿನ ಅಭ್ಯಾಸ. ನುಂಗಿಕೊಂಡೆ. ಇನ್ನೊಂದು ಚಮಚ ಬಾಯಿಗೆ ಹಾಕಿಕೊಂಡು ನೋಡಿದೆ.

“ಉಪ್ಪು ಒಂದು ಚೂರು ಕಡಿಮೆ ರಾಯರೇ.”

ಅವರು ತಲೆಯಾಡಿಸಿದರು. ಮುಖ ಸ್ವಲ್ಪ ಸಣ್ಣದಾಯಿತು, ಅದನ್ನು ನಾನು ನೋಡಿದೆ. ಆಮೇಲೆ ಅಡುಗೆಮನೆಯ ಕಡೆಗೆ ತಿರುಗಿ, ಹಾಲಿನಲ್ಲಿದ್ದವರೆಲ್ಲ ಕೇಳುವ ಹಾಗೆ ಕೂಗಿದರು.

“ಭಟ್ರೇ, ಇವತ್ತು ಉಪ್ಪು ಕಡಿಮೆ ಅಂತೆ. ನನಗೆ ಗೊತ್ತಾಗ್ಲಿಲ್ಲ.”